ನಾಯಕನಿಗೋ, ಪಕ್ಷಕ್ಕೋ ನಿಷ್ಠೆ? ಮೈಸೂರು ಕಂಡ ಬೆಂಬಲಿಗರ ಕದನಗಳು

ಮೈಸೂರು: 2006ರ ಡಿಸೆಂಬರ್‌ನಲ್ಲಿ ಚಾಮುಂಡೇಶ್ವರಿ ವಿಧಾನಸಭಾ ಕ್ಷೇತ್ರದ ಉಪಚುನಾವಣೆಯ ಮತ ಎಣಿಕೆ ಮುಗಿದಾಗ ಗೆದ್ದವರಿಗೂ ಸೋತವರಿಗೂ ನಡುವೆ ಉಳಿದಿದ್ದ ಅಂತರ ಕೇವಲ 257 ಮತ. ಗೆದ್ದವರು ಕಾಂಗ್ರೆಸ್‌ನ ಸಿದ್ದರಾಮಯ್ಯ. ಸೋತವರು ಜಾತ್ಯತೀತ ಜನತಾದಳದ ಶಿವಬಸಪ್ಪ. ಎರಡೂವರೆ ವರ್ಷಗಳ ಹಿಂದೆ, 2004ರಲ್ಲಿ, ಇದೇ ಕ್ಷೇತ್ರದಲ್ಲಿ ಸಿದ್ದರಾಮಯ್ಯನವರು ಗೆದ್ದದ್ದು ಜನತಾದಳದ ಅಭ್ಯರ್ಥಿಯಾಗಿ. ಅಂದು ಒಂದೇ ಬಾವುಟ ಹಿಡಿದು ಮನೆಮನೆ ಸುತ್ತಿದ್ದ ಕಾರ್ಯಕರ್ತರು 2006ರಲ್ಲಿ ಎರಡು ಪಾಳೆಯಗಳಾಗಿ ಅದೇ ಬೀದಿಗಳಲ್ಲಿ ಎದುರುಬದುರಾದರು.

ಹೊರನೋಟಕ್ಕೆ ಅದು ಎರಡು ಪಕ್ಷಗಳ ನಡುವಿನ ಉಪಚುನಾವಣೆ. ವಾಸ್ತವದಲ್ಲಿ ಒಂದೇ ಪಕ್ಷದೊಳಗೆ ಇತ್ಯರ್ಥವಾಗದೆ ಉಳಿದ ನಾಯಕತ್ವದ ಜಗಳ ಮತದಾರನ ಅಂಗಳಕ್ಕೆ ಬಂದಿತ್ತು. ಅಮೆರಿಕದಲ್ಲಿ ಇಂತಹ ಜಗಳ ತೀರ್ಮಾನವಾಗುವುದು ‘ಪ್ರೈಮರಿ’ ಎಂಬ ಪಕ್ಷದೊಳಗಿನ ಚುನಾವಣೆಯಲ್ಲಿ. ನಮ್ಮಲ್ಲಿ ಅಂತಹ ವ್ಯವಸ್ಥೆ ಇಲ್ಲ. ಇಲ್ಲದಿರುವುದರಿಂದ ಬೆಂಬಲಿಗರ ನಿಷ್ಠೆ ಯಾವ ದಾರಿ ಹಿಡಿದಿದೆ, ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದಕ್ಕೆ ಮೈಸೂರಿನ ರಾಜಕೀಯ ಇತಿಹಾಸ ಹೇರಳ ಉದಾಹರಣೆಗಳನ್ನು ಒದಗಿಸುತ್ತದೆ.

ಪ್ರೈಮರಿ ಎಂದರೇನು?

ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಪಕ್ಷದ ವರಿಷ್ಠರು ಕೊಠಡಿಯೊಳಗೆ ಕುಳಿತು ಆರಿಸುವುದಿಲ್ಲ. ರಾಜ್ಯವಾರು ನಡೆಯುವ ಮತದಾನದಲ್ಲಿ ಪಕ್ಷದ ಸಾಮಾನ್ಯ ಬೆಂಬಲಿಗರೇ ಮತ ಚಲಾಯಿಸುತ್ತಾರೆ. ಆ ಮತಗಳ ಆಧಾರದ ಮೇಲೆ ಆಯ್ಕೆಯಾಗುವ ಪ್ರತಿನಿಧಿಗಳು ರಾಷ್ಟ್ರೀಯ ಸಮಾವೇಶದಲ್ಲಿ ಅಭ್ಯರ್ಥಿಯನ್ನು ವಿಧ್ಯುಕ್ತವಾಗಿ ಘೋಷಿಸುತ್ತಾರೆ. ತಿಂಗಳುಗಟ್ಟಲೆ ನಡೆಯುವ ಈ ಪ್ರಚಾರದಲ್ಲಿ ಒಂದೇ ಪಕ್ಷದ ಬೆಂಬಲಿಗರು ಪರಸ್ಪರ ಕಟುವಾಗಿ ಕಾದಾಡುತ್ತಾರೆ.

2008ರಲ್ಲಿ ಡೆಮಾಕ್ರಟಿಕ್ ಪಕ್ಷದ ಬರಾಕ್ ಒಬಾಮ ಮತ್ತು ಹಿಲರಿ ಕ್ಲಿಂಟನ್ ನಡುವಿನ ಸ್ಪರ್ಧೆ ಜನವರಿಯಿಂದ ಜೂನ್‌ವರೆಗೆ ಎಳೆಯಿತು. ಕ್ಲಿಂಟನ್ ಬೆಂಬಲಿಗರಲ್ಲಿ ಒಂದು ಗುಂಪು ಒಬಾಮ ಅವರಿಗೆ ಮತ ಹಾಕುವುದಿಲ್ಲ ಎಂದು ಬಹಿರಂಗವಾಗಿಯೇ ಸಾರಿತ್ತು. ಜೂನ್ 7ರಂದು ಕ್ಲಿಂಟನ್ ಕಣದಿಂದ ಹಿಂದೆ ಸರಿದು ಒಬಾಮ ಅವರಿಗೆ ಬೆಂಬಲ ಘೋಷಿಸಿದರು. ನವೆಂಬರ್‌ನಲ್ಲಿ ಒಬಾಮ ಗೆದ್ದರು. 2016ರಲ್ಲಿ ಕ್ಲಿಂಟನ್ ಅವರೇ ಅಭ್ಯರ್ಥಿಯಾದಾಗ, ಸೋತ ಬರ್ನಿ ಸ್ಯಾಂಡರ್ಸ್ ಅವರ ಬೆಂಬಲಿಗರು ಫಿಲಡೆಲ್ಫಿಯಾ ಸಮಾವೇಶದಲ್ಲಿಯೇ ಪ್ರತಿಭಟಿಸಿದರು. ಅಂದರೆ ಪ್ರೈಮರಿ ಇದ್ದ ಮಾತ್ರಕ್ಕೆ ಬೆಂಬಲಿಗರ ವೈಮನಸ್ಯ ಅಳಿಯುವುದಿಲ್ಲ. ಆದರೆ ಯಾರಿಗೆ ಎಷ್ಟು ಬೆಂಬಲವಿತ್ತು ಎಂಬುದಕ್ಕೆ ಎಲ್ಲರೂ ಕಂಡ ಲೆಕ್ಕವೊಂದು ಇರುತ್ತದೆ.

ಭಾರತದಲ್ಲಿ ಅಭ್ಯರ್ಥಿ ಯಾರೆಂಬುದು ನಿರ್ಧಾರವಾಗುವುದು ‘ಬಿ ಫಾರಂ’ ಮೂಲಕ. ಪಕ್ಷದ ಅಧಿಕೃತ ಪದಾಧಿಕಾರಿ ಸಹಿ ಮಾಡಿದ ಆ ಪತ್ರ ಯಾರ ಹೆಸರಿನಲ್ಲಿ ಚುನಾವಣಾಧಿಕಾರಿಗೆ ತಲುಪುತ್ತದೆಯೋ ಅವರಿಗೆ ಪಕ್ಷದ ಚಿಹ್ನೆ. ಆ ಹೆಸರನ್ನು ಸದಸ್ಯರ ಮತದಿಂದಲೇ ಆರಿಸಬೇಕೆಂಬ ಕಾನೂನು ಇಲ್ಲ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾಯ್ದೆ ಶಾಸಕರನ್ನೂ ಸಂಸದರನ್ನೂ ಕಟ್ಟಿಹಾಕುತ್ತದೆಯೇ ಹೊರತು ಬೂತ್ ಮಟ್ಟದ ಕಾರ್ಯಕರ್ತನನ್ನಲ್ಲ. ಅವನ ನಿಷ್ಠೆ ಸಂಪೂರ್ಣವಾಗಿ ಅವನ ಮನಸ್ಸಿಗೆ ಬಿಟ್ಟ ವಿಷಯ.

1969: ಬೆಂಗಳೂರಿನಲ್ಲಿ ಬಿದ್ದ ಬಿರುಕು

ಅಧ್ಯಕ್ಷ ಸ್ಥಾನದ ಅಭ್ಯರ್ಥಿಯ ಆಯ್ಕೆ ಒಂದು ಪಕ್ಷವನ್ನೇ ಒಡೆದ ಘಟನೆ ನಮ್ಮ ದೇಶದಲ್ಲೂ ನಡೆದಿದೆ. ಅದಕ್ಕೆ ವೇದಿಕೆಯಾದದ್ದು ಕರ್ನಾಟಕವೇ. 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಪಕ್ಷದ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪ. ರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ಅವರ ನಿಧನದಿಂದ ತೆರವಾದ ಸ್ಥಾನಕ್ಕೆ ಪಕ್ಷದ ಸಂಸದೀಯ ಮಂಡಳಿ ನೀಲಂ ಸಂಜೀವ ರೆಡ್ಡಿ ಅವರನ್ನು ಆರಿಸಿತು. ಪ್ರಧಾನಿ ಇಂದಿರಾ ಗಾಂಧಿ ಅವರಿಗೆ ಒಪ್ಪಿಗೆಯಾಗಿದ್ದ ಜಗಜೀವನ್ ರಾಂ ಅವರ ಹೆಸರಿಗೆ ಮಂಡಳಿಯಲ್ಲಿ ಬಹುಮತ ದೊರೆಯಲಿಲ್ಲ.

ರೆಡ್ಡಿ ಅವರ ನಾಮಪತ್ರಕ್ಕೆ ಇಂದಿರಾ ಸಹಿ ಹಾಕಿದರು. ಆದರೆ ಚುನಾವಣೆ ಸಮೀಪಿಸಿದಂತೆ ಶಾಸಕರು, ಸಂಸದರು ‘ಆತ್ಮಸಾಕ್ಷಿ’ಯಂತೆ ಮತ ಹಾಕಲಿ ಎಂಬ ಕರೆ ಅವರ ಪಾಳೆಯದಿಂದ ಹೊರಟಿತು. ಪಕ್ಷೇತರರಾಗಿ ಕಣದಲ್ಲಿದ್ದ ವಿ.ವಿ. ಗಿರಿ ಎರಡನೇ ಪ್ರಾಶಸ್ತ್ಯದ ಮತಗಳ ಎಣಿಕೆಯ ಬಳಿಕ ಗೆದ್ದರು. ಅವರಿಗೆ ದೊರೆತ ಮತಮೌಲ್ಯ 4,20,077. ರೆಡ್ಡಿ ಅವರಿಗೆ 4,05,427. ಅದೇ ವರ್ಷ ನವೆಂಬರ್ 12ರಂದು ನಿಜಲಿಂಗಪ್ಪ ನೇತೃತ್ವದ ಪಕ್ಷ ಪ್ರಧಾನಿಯನ್ನೇ ಉಚ್ಚಾಟಿಸಿತು. ಕಾಂಗ್ರೆಸ್ ಎರಡು ಹೋಳಾಯಿತು.

ಅಂದಿನ ಮೈಸೂರು ರಾಜ್ಯದಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲ್ ಮತ್ತು ಬಹುಪಾಲು ಶಾಸಕರು ನಿಜಲಿಂಗಪ್ಪನವರ ಬೆನ್ನಿಗೆ ನಿಂತರು. ಇಂದಿರಾ ಬಣದ ನೇತೃತ್ವ ವಹಿಸಿದವರು ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ಡಿ. ದೇವರಾಜ ಅರಸು. ಸಂಖ್ಯಾಬಲ, ಸರ್ಕಾರ ಎಲ್ಲವೂ ಎದುರಾಳಿಗಳ ಕೈಯಲ್ಲಿತ್ತು. ಆದರೆ 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಎಲ್ಲ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ ಪಾಲಾದವು. ಪಾಟೀಲ್ ಸರ್ಕಾರ ಉರುಳಿತು. 1972ರ ಮಾರ್ಚ್‌ನಲ್ಲಿ ಅರಸು ಮುಖ್ಯಮಂತ್ರಿಯಾದರು. ಶಾಸಕರು ಒಂದು ಕಡೆ, ಮತದಾರರು ಮತ್ತೊಂದು ಕಡೆ ಇರಬಹುದೆಂಬ ಪಾಠವನ್ನು ರಾಜ್ಯ ಮೊದಲ ಬಾರಿಗೆ ಇಷ್ಟು ಸ್ಪಷ್ಟವಾಗಿ ಕಂಡಿತು.

1979: ಅರಸರಿಗೇ ಎದುರಾದ ಪಾಠ

ಹತ್ತು ವರ್ಷಗಳ ಬಳಿಕ ಇದೇ ಪಾಠ ಅರಸರ ವಿರುದ್ಧವೇ ತಿರುಗಿತು. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ಮರಳಿದಾಗ ಅವರಿಗೆ ರಾಜಕೀಯ ಪುನರ್ಜನ್ಮ ದೊರಕಿಸಿದ ಕೀರ್ತಿ ಬಹುಮಟ್ಟಿಗೆ ಅರಸರದಾಗಿತ್ತು. ಅಲ್ಲಿ ಸೋತ ಜನತಾ ಪಕ್ಷದ ಅಭ್ಯರ್ಥಿ ವೀರೇಂದ್ರ ಪಾಟೀಲ್. ಒಂದು ವರ್ಷ ತುಂಬುವ ಮೊದಲೇ ಪಕ್ಷದ ರಾಜ್ಯಾಧ್ಯಕ್ಷ ಸ್ಥಾನದ ವಿಚಾರದಲ್ಲಿಯೂ ಸಂಜಯ್ ಗಾಂಧಿ ಅವರ ಪ್ರಭಾವದ ವಿಚಾರದಲ್ಲಿಯೂ ಮನಸ್ತಾಪ ಬೆಳೆದು, 1979ರಲ್ಲಿ ಅರಸು ಇಂದಿರಾ ಕಾಂಗ್ರೆಸ್ಸಿನಿಂದ ಹೊರಬಿದ್ದರು. ಬಹುಪಾಲು ಶಾಸಕರು ಅವರೊಂದಿಗೇ ಉಳಿದದ್ದರಿಂದ ಮುಖ್ಯಮಂತ್ರಿ ಗಾದಿಯೂ ಉಳಿಯಿತು.

ಅದು ಉಳಿದದ್ದು ಮುಂದಿನ ಚುನಾವಣೆಯವರೆಗೆ ಮಾತ್ರ. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 27ನ್ನು ಇಂದಿರಾ ಕಾಂಗ್ರೆಸ್ ಗೆದ್ದಿತು. ಅರಸರ ಪಕ್ಷಕ್ಕೆ ಒಂದೂ ದೊರೆಯಲಿಲ್ಲ. ಅವರ ಹಿಂದಿದ್ದ ಶಾಸಕರು ಗುಂಪುಗುಂಪಾಗಿ ಮಾತೃಪಕ್ಷಕ್ಕೆ ಮರಳಿದರು. ಅರಸು ರಾಜೀನಾಮೆ ನೀಡಿದರು, ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ಚಿಕ್ಕಮಗಳೂರಿನಲ್ಲಿ ಇಂದಿರಾ ಅವರನ್ನು ಎದುರಿಸಿದ್ದ ವೀರೇಂದ್ರ ಪಾಟೀಲ್ ಅಷ್ಟರಲ್ಲಿ ಇಂದಿರಾ ಪಕ್ಷದ ಸಂಸದರಾಗಿದ್ದರು. ಹಿಂದುಳಿದ ವರ್ಗಗಳ ನಾಯಕನೆಂದು ಇಂದಿಗೂ ನೆನೆಯಲಾಗುವ ಅರಸು 1982ರ ಜೂನ್ 6ರಂದು ನಿಧನರಾದಾಗ ಅಧಿಕಾರದಿಂದ ದೂರವೇ ಉಳಿದಿದ್ದರು.

ಮತದಾರ ವ್ಯಕ್ತಿಗಿಂತ ಚಿಹ್ನೆಯ ಜೊತೆ ನಿಂತ ಮತ್ತೊಂದು ನಿದರ್ಶನವನ್ನು ಮೈಸೂರು ಲೋಕಸಭಾ ಕ್ಷೇತ್ರ 1991ರಲ್ಲಿ ನೀಡಿತು. ಕಾಂಗ್ರೆಸ್ಸಿನಿಂದ 1984 ಹಾಗೂ 1989ರಲ್ಲಿ ಗೆದ್ದಿದ್ದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಆ ವರ್ಷ ಭಾರತೀಯ ಜನತಾ ಪಕ್ಷದಿಂದ ಸ್ಪರ್ಧಿಸಿದರು. ಅವರನ್ನು ಸೋಲಿಸಿದವರು ಕಾಂಗ್ರೆಸ್ ಅಭ್ಯರ್ಥಿ, ದೇವರಾಜ ಅರಸರ ಪುತ್ರಿ ಚಂದ್ರಪ್ರಭಾ ಅರಸು. ಕಾಂಗ್ರೆಸ್ಸಿಗೆ ಮರಳಿದ ಒಡೆಯರ್ 1996ರಲ್ಲಿ ಮತ್ತೆ ಗೆದ್ದರು. ದಸರಾ ದರ್ಬಾರಿಗೆ ತಲೆಬಾಗುವ ಊರು ಮತಪೆಟ್ಟಿಗೆಯ ಮುಂದೆ ಬೇರೆಯದೇ ಲೆಕ್ಕ ಹಾಕಿತ್ತು.

2006: ಮನೆಯೊಳಗಿನ ಜಗಳ, ಊರಿನ ಮತ

ಸಿದ್ದರಾಮಯ್ಯನವರು 1983ರಲ್ಲಿ ಚಾಮುಂಡೇಶ್ವರಿಯಿಂದಲೇ ವಿಧಾನಸಭೆ ಪ್ರವೇಶಿಸಿದವರು. ಜನತಾ ಪರಿವಾರದಲ್ಲಿ ಬೆಳೆದು, ಜೆ.ಎಚ್. ಪಟೇಲ್ ಸಂಪುಟದಲ್ಲಿ ಉಪಮುಖ್ಯಮಂತ್ರಿಯಾಗಿದ್ದರು. 2004ರ ಅತಂತ್ರ ವಿಧಾನಸಭೆಯಲ್ಲಿ ಕಾಂಗ್ರೆಸ್ 65, ಜನತಾದಳ 58 ಸ್ಥಾನ ಪಡೆದು ಜೊತೆಗೂಡಿದಾಗ ಧರ್ಮಸಿಂಗ್ ಮುಖ್ಯಮಂತ್ರಿಯೂ ಸಿದ್ದರಾಮಯ್ಯ ಉಪಮುಖ್ಯಮಂತ್ರಿಯೂ ಆದರು. ಅಲ್ಪಸಂಖ್ಯಾತರು, ಹಿಂದುಳಿದವರು ಮತ್ತು ದಲಿತರನ್ನು ಒಗ್ಗೂಡಿಸುವ ‘ಅಹಿಂದ’ ಸಮಾವೇಶಗಳಲ್ಲಿ ಅವರು ಕಾಣಿಸಿಕೊಂಡದ್ದು ಪಕ್ಷದ ವರಿಷ್ಠ ಎಚ್.ಡಿ. ದೇವೇಗೌಡರಿಗೆ ಹಿಡಿಸಲಿಲ್ಲ. 2005ರ ಆಗಸ್ಟ್‌ನಲ್ಲಿ ಅವರನ್ನು ಸಂಪುಟದಿಂದ ಕೈಬಿಡಲಾಯಿತು. ನಂತರ ಪಕ್ಷದಿಂದಲೂ ಹೊರಹಾಕಲಾಯಿತು.

ಪಕ್ಷದ ಸದಸ್ಯರಲ್ಲಿ ಎಷ್ಟು ಮಂದಿ ಯಾರ ಪರ ಇದ್ದರೆಂದು ಎಣಿಸುವ ಏರ್ಪಾಡು ಇರಲಿಲ್ಲ. 2006ರ ಜುಲೈನಲ್ಲಿ ಸಿದ್ದರಾಮಯ್ಯ ಕಾಂಗ್ರೆಸ್ ಸೇರಿ, ಶಾಸಕ ಸ್ಥಾನ ತೊರೆದರು. ಎಣಿಕೆ ನಡೆದದ್ದು ಉಪಚುನಾವಣೆಯಲ್ಲಿ. ಆಗ ರಾಜ್ಯದಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿ. ಆಡಳಿತದ ಎರಡೂ ಪಕ್ಷಗಳ ಬಲ ಒಂದೇ ಕ್ಷೇತ್ರದ ಮೇಲೆ ಕೇಂದ್ರೀಕೃತವಾಯಿತು.

ಈ ಕದನದಲ್ಲಿ ಅತಿ ಇಕ್ಕಟ್ಟಿಗೆ ಸಿಲುಕಿದವರು ಕೆಳಹಂತದ ಕಾರ್ಯಕರ್ತರು. ನಾಯಕನ ಜೊತೆ ಹೋದವರು, ದಶಕಗಳ ಕಾಲ ತಾವು ಎದುರಿಸಿದ್ದ ಕಾಂಗ್ರೆಸ್ಸಿಗರ ಪಕ್ಕದಲ್ಲಿಯೇ ಬೂತ್‌ನಲ್ಲಿ ಕೂರಬೇಕಾಯಿತು. ಜನತಾದಳದಲ್ಲಿಯೇ ಉಳಿದವರು ನಿನ್ನೆಯವರೆಗೆ ಜೈಕಾರ ಹಾಕಿದ್ದ ನಾಯಕನನ್ನು ಸೋಲಿಸಲು ಮತ ಕೇಳಬೇಕಾಯಿತು. ಹಳೆಯ ಕಾಂಗ್ರೆಸ್ಸಿಗರಿಗೆ, ಇಷ್ಟು ಕಾಲ ತಮ್ಮ ವಿರುದ್ಧ ಗೆಲ್ಲುತ್ತಿದ್ದ ವ್ಯಕ್ತಿಯೇ ತಮ್ಮ ಅಭ್ಯರ್ಥಿಯಾಗಿದ್ದ. ಮೂರೂ ಗುಂಪುಗಳ ಪಾಲಿಗೆ ಪಕ್ಷನಿಷ್ಠೆಯ ಅರ್ಥ ಬೇರೆಬೇರೆಯಾಗಿತ್ತು. 257 ಮತಗಳ ಅಂತರ ಆ ಒಡಕಿನ ಅಳತೆಯೂ ಹೌದು.

ಚಿಹ್ನೆ ಬದಲು, ಮುಖ ಅದೇ

ಮುಂದಿನ ವರ್ಷಗಳಲ್ಲಿ ಮೈಸೂರು ಜಿಲ್ಲೆ ಇದೇ ಬಗೆಯ ಇನ್ನೂ ಹಲವು ಸ್ಪರ್ಧೆಗಳನ್ನು ಕಂಡಿತು. ಅವುಗಳಲ್ಲಿ ನಂಜನಗೂಡಿನದು ವಿಶಿಷ್ಟವಾದುದು. 2013ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಕಾಂಗ್ರೆಸ್ಸಿನ ವಿ. ಶ್ರೀನಿವಾಸ ಪ್ರಸಾದ್, ಜನತಾದಳದ ಕಳಲೆ ಕೇಶವಮೂರ್ತಿ ಅವರನ್ನು ಸೋಲಿಸಿ, ಸಿದ್ದರಾಮಯ್ಯ ಸಂಪುಟದಲ್ಲಿ ಸಚಿವರಾದರು. 2016ರ ಜೂನ್‌ನಲ್ಲಿ ಸಂಪುಟದಿಂದ ಕೈಬಿಟ್ಟಾಗ ಅವರು ಶಾಸಕ ಸ್ಥಾನಕ್ಕೂ ಪಕ್ಷಕ್ಕೂ ರಾಜೀನಾಮೆ ನೀಡಿ ಬಿಜೆಪಿ ಸೇರಿದರು. 2017ರ ಏಪ್ರಿಲ್‌ನ ಉಪಚುನಾವಣೆಯಲ್ಲಿ ಅವರ ಎದುರಾಳಿ ಮತ್ತೆ ಕೇಶವಮೂರ್ತಿ. ಆದರೆ ಈ ಸಲ ಕೇಶವಮೂರ್ತಿ ಕಾಂಗ್ರೆಸ್ ಅಭ್ಯರ್ಥಿ.

ನಂಜನಗೂಡಿನ ಕಾಂಗ್ರೆಸ್ ಕಾರ್ಯಕರ್ತನ ಮುಂದಿದ್ದ ಪ್ರಶ್ನೆ ಇಷ್ಟೇ: ಪಕ್ಷಕ್ಕೆ ನಿಷ್ಠನಾಗಿರಬೇಕೆಂದರೆ ನಾಲ್ಕು ವರ್ಷದ ಹಿಂದೆ ತಾನೇ ಸೋಲಿಸಿದ ವ್ಯಕ್ತಿಗೆ ದುಡಿಯಬೇಕು, ನಾಯಕನಿಗೆ ನಿಷ್ಠನಾಗಿರಬೇಕೆಂದರೆ ಎದುರು ಪಕ್ಷದ ಬಾವುಟ ಹಿಡಿಯಬೇಕು. ಮತದಾರರು ಚಿಹ್ನೆಯನ್ನೇ ಆರಿಸಿದರು. ಕೇಶವಮೂರ್ತಿ 21 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

2018ರಲ್ಲಿ ಚಾಮುಂಡೇಶ್ವರಿಗೆ ಮರಳಿದ ಮುಖ್ಯಮಂತ್ರಿ ಸಿದ್ದರಾಮಯ್ಯನವರನ್ನು ಹಿಂದೆ ಜನತಾ ಪರಿವಾರದಲ್ಲಿ ಅವರ ಒಡನಾಡಿಯಾಗಿದ್ದ ಜಿ.ಟಿ. ದೇವೇಗೌಡರು 36,042 ಮತಗಳಿಂದ ಸೋಲಿಸಿದರು. ಬಾದಾಮಿಯಲ್ಲಿ 1,696 ಮತಗಳಿಂದ ಗೆದ್ದದ್ದರಿಂದ ಸಿದ್ದರಾಮಯ್ಯ ವಿಧಾನಸಭೆಯಲ್ಲಿ ಉಳಿದರು. ವಿಪರ್ಯಾಸವೆಂದರೆ, ಫಲಿತಾಂಶದ ಬೆನ್ನಿಗೇ ಕಾಂಗ್ರೆಸ್ ಮತ್ತು ಜನತಾದಳ ಕೂಡಿ ಸರ್ಕಾರ ರಚಿಸಿದವು. ಗೆದ್ದ ದೇವೇಗೌಡರು ಸಚಿವರಾದರೆ, ಸೋತವರು ಮೈತ್ರಿಯ ಸಮನ್ವಯ ಸಮಿತಿಯ ಅಧ್ಯಕ್ಷರಾದರು.

2019ರ ಲೋಕಸಭಾ ಚುನಾವಣೆಯಲ್ಲಿ ಈ ಮೈತ್ರಿ ನೆಲಮಟ್ಟಕ್ಕೆ ಇಳಿಯಲಿಲ್ಲ. ಮೈಸೂರಿನಲ್ಲಿ ಮೈತ್ರಿ ಅಭ್ಯರ್ಥಿ ಕಾಂಗ್ರೆಸ್ಸಿನ ಸಿ.ಎಚ್. ವಿಜಯಶಂಕರ್, ಅವರೂ ಹಿಂದೆ ಇದೇ ಕ್ಷೇತ್ರದ ಬಿಜೆಪಿ ಸಂಸದರು. ಮತದಾನದ ನಂತರ, ಕೆಲವೆಡೆ ಜನತಾದಳದ ಕಾರ್ಯಕರ್ತರು ಬಿಜೆಪಿಗೆ ಮತ ಹಾಕಿದ್ದಾರೆ ಎಂದು ಸಚಿವ ಜಿ.ಟಿ. ದೇವೇಗೌಡರೇ ಒಪ್ಪಿಕೊಂಡರು. ಬಿಜೆಪಿಯ ಪ್ರತಾಪ ಸಿಂಹ 1.38 ಲಕ್ಷಕ್ಕೂ ಅಧಿಕ ಮತಗಳಿಂದ ಗೆದ್ದರು. ನೆರೆಯ ಮಂಡ್ಯದಲ್ಲಿ ಮೈತ್ರಿ ಅಭ್ಯರ್ಥಿ ನಿಖಿಲ್ ಕುಮಾರಸ್ವಾಮಿ, ಪಕ್ಷೇತರರಾಗಿದ್ದ ಸುಮಲತಾ ಅಂಬರೀಶ್ ಎದುರು ಸೋತರು. ಅಲ್ಲಿ ಕಾಂಗ್ರೆಸ್ ಕಾರ್ಯಕರ್ತರು ಬಹಿರಂಗವಾಗಿಯೇ ಸುಮಲತಾ ಪರ ನಿಂತಿದ್ದರು. ವರ್ಷಗಟ್ಟಲೆ ಊರಿನಲ್ಲಿ ಕಾದಾಡಿದವರನ್ನು ಬೆಂಗಳೂರಿನ ಒಪ್ಪಂದ ಒಂದೇ ಋತುವಿನಲ್ಲಿ ಬೆಸೆಯಲಾರದೆ ಹೋಯಿತು.

ಮತ ಹಾಕಿ ಆರಿಸಿದ ಅಪರೂಪದ ಸಂದರ್ಭಗಳು

ಪಕ್ಷದೊಳಗೆ ಮತದಾನ ನಡೆದದ್ದೇ ಇಲ್ಲವೆಂದಲ್ಲ. 2013ರ ಮೇ 10ರಂದು ಬೆಂಗಳೂರಿನಲ್ಲಿ ಕಾಂಗ್ರೆಸ್ ಶಾಸಕರು ರಹಸ್ಯ ಮತದಾನದ ಮೂಲಕ ತಮ್ಮ ನಾಯಕನ ಬಗ್ಗೆ ಅಭಿಪ್ರಾಯ ತಿಳಿಸಿದರು. ಮಲ್ಲಿಕಾರ್ಜುನ ಖರ್ಗೆ ಅವರ ಹೆಸರೂ ಮುಂಚೂಣಿಯಲ್ಲಿದ್ದ ಆ ಸ್ಪರ್ಧೆಯಲ್ಲಿ ಸಿದ್ದರಾಮಯ್ಯ ಆಯ್ಕೆಯಾದರು. ಮತಗಳ ವಿವರವನ್ನು ಪಕ್ಷ ಪ್ರಕಟಿಸಲಿಲ್ಲ.

2014ರ ಲೋಕಸಭಾ ಚುನಾವಣೆಗೆ ಮುನ್ನ ರಾಹುಲ್ ಗಾಂಧಿ ಅವರ ಒತ್ತಾಸೆಯಿಂದ ಕಾಂಗ್ರೆಸ್ ಅಮೆರಿಕದ ಮಾದರಿಯ ಪ್ರೈಮರಿಯನ್ನೇ ಆಯ್ದ ಕೆಲವು ಕ್ಷೇತ್ರಗಳಲ್ಲಿ ಪ್ರಯೋಗಿಸಿತು. ರಾಜ್ಯದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಇದಕ್ಕೆ ಆಯ್ಕೆಯಾಗಿದ್ದವು. ಮತದ ಹಕ್ಕು ಇದ್ದದ್ದು ಸಾಮಾನ್ಯ ಬೆಂಬಲಿಗರಿಗಲ್ಲ, ಪಕ್ಷದ ಪದಾಧಿಕಾರಿಗಳು ಮತ್ತು ಚುನಾಯಿತ ಪ್ರತಿನಿಧಿಗಳಿಗೆ. ಹೀಗೆ ಅಭ್ಯರ್ಥಿಗಳಾದ ಸಿ. ನಾರಾಯಣಸ್ವಾಮಿ ಮತ್ತು ಬಿ. ಜನಾರ್ದನ ಪೂಜಾರಿ ಇಬ್ಬರೂ ಬಿಜೆಪಿ ಎದುರು ಸೋತರು. ಪ್ರಯೋಗ ಮುಂದುವರಿಯಲಿಲ್ಲ.

2022ರ ಅಕ್ಟೋಬರ್ 17ರಂದು ನಡೆದ ಕಾಂಗ್ರೆಸ್ ಅಧ್ಯಕ್ಷ ಸ್ಥಾನದ ಚುನಾವಣೆ ಇದಕ್ಕಿಂತ ಹೆಚ್ಚು ಫಲಕಾರಿಯಾಯಿತು. ಮಲ್ಲಿಕಾರ್ಜುನ ಖರ್ಗೆ 7,897 ಮತ ಪಡೆದರೆ ಶಶಿ ತರೂರ್ 1,072 ಮತ ಗಳಿಸಿದರು. 416 ಮತಗಳು ತಿರಸ್ಕೃತವಾದವು. ನಿಜಲಿಂಗಪ್ಪನವರ ನಂತರ ಕನ್ನಡಿಗರೊಬ್ಬರು ಆ ಸ್ಥಾನಕ್ಕೇರಿದರು. 2013ರಲ್ಲಿ ಮುಖ್ಯಮಂತ್ರಿ ಸ್ಥಾನ ಕೈತಪ್ಪಿದರೂ ಪಕ್ಷ ಬಿಡದಿದ್ದವರು ಒಂಬತ್ತು ವರ್ಷಗಳ ಬಳಿಕ ಅದೇ ಪಕ್ಷದ ಅಧ್ಯಕ್ಷರಾದರು. ಸೋತ ತರೂರ್ ಅವರೂ ಪಕ್ಷದಲ್ಲಿಯೇ ಉಳಿದು, 2023ರಲ್ಲಿ ಕಾರ್ಯಕಾರಿ ಸಮಿತಿಯ ಸದಸ್ಯರಾದರು.

2023ರ ಮೇನಲ್ಲಿ 135 ಸ್ಥಾನಗಳೊಂದಿಗೆ ಕಾಂಗ್ರೆಸ್ ರಾಜ್ಯದಲ್ಲಿ ಅಧಿಕಾರಕ್ಕೆ ಬಂದಾಗ ಮಾತ್ರ ಹಳೆಯ ಪದ್ಧತಿಯೇ ಮರುಕಳಿಸಿತು. ಶಾಸಕರ ಅಭಿಪ್ರಾಯ ಸಂಗ್ರಹಿಸಿದರೂ ತೀರ್ಮಾನವನ್ನು ಹೈಕಮಾಂಡ್‌ಗೆ ಬಿಡಲಾಯಿತು. ಸಿದ್ದರಾಮಯ್ಯ ಮುಖ್ಯಮಂತ್ರಿ, ಡಿ.ಕೆ. ಶಿವಕುಮಾರ್ ಉಪಮುಖ್ಯಮಂತ್ರಿ ಎಂಬ ಘೋಷಣೆ ಹೊರಬೀಳಲು ಐದು ದಿನ ಬೇಕಾಯಿತು. ಇಬ್ಬರ ನಡುವಿನ ಒಡಂಬಡಿಕೆ ಏನೆಂಬುದು ಅಧಿಕೃತವಾಗಿ ಪ್ರಕಟವಾಗದ ಕಾರಣ, 2025ರ ನವೆಂಬರ್‌ನಲ್ಲಿ ಸರ್ಕಾರ ಎರಡೂವರೆ ವರ್ಷ ಪೂರೈಸಿದಾಗ ಎರಡೂ ಕಡೆಯ ಬೆಂಬಲಿಗರು ಮತ್ತೆ ಮುಖಾಮುಖಿಯಾದರು.

ಕಾರ್ಯಕರ್ತ ಮತ್ತು ಮತದಾರ

ಐದು ದಶಕಗಳ ಈ ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಕಾರ್ಯಕರ್ತ ಬಹುತೇಕ ನಾಯಕನ ಬೆನ್ನು ಹಿಡಿಯುತ್ತಾನೆ. ಅವನ ಕೆಲಸಕಾರ್ಯ, ಪಂಚಾಯಿತಿ ಅಥವಾ ಪಾಲಿಕೆಯ ಟಿಕೆಟ್ ಆಸೆ, ಸಮುದಾಯದ ನಂಟು ಎಲ್ಲವೂ ಆ ನಾಯಕನಿಗೆ ಹೆಣೆದುಕೊಂಡಿರುತ್ತವೆ. ಮೈಸೂರಿನಲ್ಲಿ ಪಕ್ಷದ ಕಚೇರಿಗಿಂತ ನಾಯಕರ ಮನೆಯಂಗಳದಲ್ಲಿ ಜನ ಹೆಚ್ಚು ನೆರೆಯುವುದಕ್ಕೆ ಇದೇ ಕಾರಣ. ಆದರೆ ಮತದಾರ ನಾಯಕನ ಹಿಂದೆಯೇ ಬರುತ್ತಾನೆಂಬ ಖಾತರಿ ಇಲ್ಲ. 1980, 1991, 2017ರಲ್ಲಿ ಅವನು ಬರಲಿಲ್ಲ. 2006ರಲ್ಲಿ ಬಂದದ್ದೂ ಕೂದಲೆಳೆಯ ಅಂತರದಲ್ಲಿ.

ನಾಯಕನ ಲೆಕ್ಕ ತಪ್ಪಿದರೆ ಅವನಿಗೆ ಇನ್ನೊಂದು ಕ್ಷೇತ್ರವೋ ಇನ್ನೊಂದು ಪಕ್ಷವೋ ಸಿಗುತ್ತದೆ. ಶ್ರೀನಿವಾಸ ಪ್ರಸಾದ್ ನಂಜನಗೂಡಿನಲ್ಲಿ ಸೋತ ಎರಡು ವರ್ಷಗಳಲ್ಲಿ, 2019ರಲ್ಲಿ, ಚಾಮರಾಜನಗರದಿಂದ 1,817 ಮತಗಳ ಅಂತರದಲ್ಲಿ ಲೋಕಸಭೆಗೆ ಆಯ್ಕೆಯಾದರು. ಆದರೆ ಅವರನ್ನು ನಂಬಿ ಪಕ್ಷ ಬದಲಿಸಿದ, ಅಥವಾ ಬದಲಿಸದೆ ಉಳಿದ ಊರಿನ ಕಾರ್ಯಕರ್ತನಿಗೆ ಬೇರೆ ಊರು ಇರುವುದಿಲ್ಲ. ಅವನು ಮರುದಿನ ಅದೇ ಬೀದಿಯಲ್ಲಿ, ಅದೇ ಹೋಟೆಲ್‌ನಲ್ಲಿ, ಅದೇ ನೆಂಟರ ಮದುವೆಯಲ್ಲಿ ಎದುರು ಬಣದವರ ಮುಖ ನೋಡಬೇಕು.

2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಪ್ರಚಾರದ ನಡುವೆ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮೈಸೂರಿನ ಜಯಲಕ್ಷ್ಮೀಪುರಂನಲ್ಲಿರುವ ಶ್ರೀನಿವಾಸ ಪ್ರಸಾದ್ ಅವರ ಮನೆಗೆ ಹೋದರು. ಸಂಪುಟದಿಂದ ಕೈಬಿಟ್ಟ ಎಂಟು ವರ್ಷಗಳ ಬಳಿಕ ಹಳೆಯ ಗೆಳೆಯರಿಬ್ಬರು ಮಾತನಾಡಿದರು. ಅದೇ ತಿಂಗಳ 29ರಂದು ಪ್ರಸಾದ್ ನಿಧನರಾದರು. ನಾಯಕರ ನಡುವಿನ ಮುನಿಸು ಅಲ್ಲಿಗೆ ಮುಗಿಯಿತು. ಅವರಿಬ್ಬರಿಗಾಗಿ 2017ರಲ್ಲಿ ನಂಜನಗೂಡಿನ ಹಳ್ಳಿಗಳಲ್ಲಿ ಎದುರುಬದುರು ನಿಂತ ಬೆಂಬಲಿಗರ ನಡುವೆ ಅಂತಹ ಭೇಟಿಯನ್ನು ಏರ್ಪಡಿಸುವ ಹೊಣೆ ಯಾವ ಪಕ್ಷದ್ದೂ ಆಗಿರಲಿಲ್ಲ.